ಪುಟ್ಟ ವೂಫರ್‌ಗೆ ಉದ್ದ ದಾರಿ: ಟ್ರಾನ್ಸ್‌ಮಿಷನ್ ಲೈನ್ ಸ್ಪೀಕರ್ ಬಾಕ್ಸ್ ಅಂದ್ರೆ ಏನು?

ಹೋದ ಶನಿವಾರ ನನ್ನ ಅಕ್ಕನ ಮಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋಗಿ ಐದಿಂಚಿನ ಎರಡು ವೂಫರ್, ಅಂದರೆ ಬೇಸಿನ ದಪ್ಪ ಸದ್ದು ಮಾಡುವ ಸ್ಪೀಕರ್, ತಂದ. ಪೇಪರಿನಲ್ಲಿ ಸುತ್ತಿದ್ದ ಅವನ್ನು ಮೇಜಿನ ಮೇಲಿಟ್ಟು, "ಮಾಮ, ಇದಕ್ಕೆ ಟ್ರಾನ್ಸ್‌ಮಿಷನ್ ಲೈನ್ ಬಾಕ್ಸ್ ಮಾಡಿದ್ರೆ ಬೇಸ್ ಚೆನ್ನಾಗಿ ಬರುತ್ತಂತೆ. ಹಾಗಂದ್ರೆ ಏನು?" ಅಂತ ಕೇಳಿದ. ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿ, "ಅದು ಕೆಪಿಟಿಸಿಎಲ್‌ನವರ ದೊಡ್ಡ ಕಂಬದ ತಂತಿ ಅಲ್ವಾ?" ಅಂದರು.

ಅಮ್ಮನ ಮಾತು ತಪ್ಪಲ್ಲ. ಹೆಸರು ಬಂದಿದ್ದೇ ಆ ಕಡೆಯಿಂದ. ತಂತಿಯಲ್ಲಿ ವಿದ್ಯುತ್ತಿನ ಅಲೆ ಸಾಗುವ ಹಾಗೆ ಇಲ್ಲಿ ಒಂದು ಉದ್ದ ಕೊಳವೆಯಲ್ಲಿ ಗಾಳಿಯ ಅಲೆ ಸಾಗುತ್ತದೆ. ಆ ಕೊಳವೆಯನ್ನು ಮಡಿಸಿ ಸ್ಪೀಕರ್ ಬಾಕ್ಸ್‌ನ ಒಳಗೆ ಕೂರಿಸಿದರೆ ಅದೇ ಟ್ರಾನ್ಸ್‌ಮಿಷನ್ ಲೈನ್ ಬಾಕ್ಸ್.

ಈಗ ಈ ವಿಷಯ ಕೇಳುವವರು ಜಾಸ್ತಿಯಾಗಿದ್ದಾರೆ. ಟಿವಿ ತೆಳ್ಳಗಾದಂತೆ ಅದರ ಸ್ಪೀಕರ್ ಕೂಡ ಬಡವಾಯಿತು. ಅಪಾರ್ಟ್‌ಮೆಂಟಿನ ಹತ್ತು-ಹನ್ನೆರಡು ಅಡಿ ರೂಮಿನಲ್ಲಿ ದೊಡ್ಡ ಸ್ಪೀಕರ್ ಇಡಲು ಜಾಗವಿಲ್ಲ. ನಾಲ್ಕು-ಐದು ಇಂಚಿನ ವೂಫರ್ ಕೊಂಡು ಮನೆಯಲ್ಲೇ ಬಾಕ್ಸ್ ಮಾಡಿಕೊಳ್ಳುವ ಹುಡುಗರು ಈ ಹೆಸರನ್ನು ಕೇಳಿರುತ್ತಾರೆ, ಆದರೆ ಒಳಗೆ ಏನು ನಡೆಯುತ್ತದೆ ಅಂತ ಬುಡದಿಂದ ಹೇಳುವವರು ಸಿಗುವುದಿಲ್ಲ. ಹಾಗಾಗಿ ಬುಡದಿಂದಲೇ ಶುರು ಮಾಡೋಣ.

ಬಾಕ್ಸ್ ಯಾಕೆ ಬೇಕು?

ಒಂದು ವೂಫರನ್ನು ಕೈಯಲ್ಲಿ ಹಿಡಿದು, ಆಂಪ್ಲಿಫೈಯರ್‌ನಿಂದ ಎರಡು ವೈರ್ ಕೊಟ್ಟು, ಸಣ್ಣ ವಾಲ್ಯೂಮಿನಲ್ಲಿ ಹಾಡು ಹಾಕಿ. ನಡುವಿನ ಬಟ್ಟಲಿನಂಥ ಕೋನ್ ಅದುರುವುದು ಕಣ್ಣಿಗೆ ಕಾಣುತ್ತದೆ, ಬೇಸ್ ಮಾತ್ರ ಕೇಳಿಸುವುದಿಲ್ಲ. ಈಗ ಟಿವಿ ಬಂದಿದ್ದ ದೊಡ್ಡ ರಟ್ಟಿನ ಒಂದು ಬದಿಗೆ ವೂಫರ್ ಅಗಲದ ತೂತು ಕೊರೆದು, ಅದಕ್ಕೆ ವೂಫರನ್ನು ಒತ್ತಿ ಹಿಡಿಯಿರಿ. ತಟ್ಟನೆ ಬೇಸ್ ಬರುತ್ತದೆ. ರಟ್ಟು ತೆಗೆದರೆ ಮಾಯ, ಇಟ್ಟರೆ ಹಾಜರು.

ಕಾರಣ ಇಷ್ಟೇ. ಕೋನ್ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಹೊತ್ತಿಗೆ ಹಿಂದಿನ ಗಾಳಿ ತೆಳುವಾಗುತ್ತದೆ. ಅಂದರೆ ವೂಫರ್ ಎರಡು ಕಡೆಯಿಂದಲೂ ಸದ್ದು ಮಾಡುತ್ತದೆ, ಒಂದಕ್ಕೊಂದು ಪೂರ್ತಿ ಉಲ್ಟಾ. ಬೇಸಿನ ಅಲೆಗಳು ತುಂಬಾ ಉದ್ದ. 50 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 50 ಸಲ ಅದುರುವ ಸದ್ದಿನ ಒಂದು ಅಲೆ ಸುಮಾರು 7 ಮೀಟರ್. ನಮ್ಮ ಮಲಗುವ ಕೋಣೆಗಿಂತ ಉದ್ದ! ಅಂಥ ಅಲೆಗೆ ಐದಿಂಚಿನ ವೂಫರ್‌ನ ಅಂಚು ಒಂದು ಅಡ್ಡಿಯೇ ಅಲ್ಲ. ಮುಂದಿನ ಒತ್ತಡ ಅಂಚು ಬಳಸಿ ಹಿಂದಿನ ಖಾಲಿಯನ್ನು ತುಂಬಿಬಿಡುತ್ತದೆ. ಎರಡೂ ಸೇರಿ ಸೊನ್ನೆ. ರಟ್ಟು ಮಾಡಿದ್ದು ಆ ಎರಡನ್ನು ದೂರ ಇಟ್ಟ ಕೆಲಸ.

ಹಾಗಾದರೆ ಸ್ಪೀಕರ್ ಬಾಕ್ಸ್ ಅಂದರೆ ಹಿಂದಿನ ಸದ್ದನ್ನು ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಕೊಟ್ಟ ಉತ್ತರ.

ಹಿಂದಿನ ಸದ್ದಿಗೆ ಮೂರು ದಾರಿ

ಮೊದಲನೆಯದು ಅದನ್ನು ಕೂಡಿ ಹಾಕುವುದು. ಸುತ್ತ ಮುಚ್ಚಿದ ಬಾಕ್ಸ್. ಸರಳ, ಅಚ್ಚುಕಟ್ಟು. ಆದರೆ ಸಣ್ಣ ಬಾಕ್ಸ್‌ನಲ್ಲಿ ಸಿಕ್ಕಿದ ಗಾಳಿ ಸ್ಪ್ರಿಂಗಿನಂತೆ ಕೋನನ್ನು ತಡೆಯುತ್ತದೆ, ಹಾಗಾಗಿ ಕೆಳಗಿನ ಬೇಸ್ ಬೇಗ ಮುಗಿದುಹೋಗುತ್ತದೆ.

ಎರಡನೆಯದು ಬಾಕ್ಸ್‌ಗೆ ಒಂದು ತೂತು ಮಾಡಿ ಚಿಕ್ಕ ಕೊಳವೆ ಇಡುವುದು. ಅಂಗಡಿಯಲ್ಲಿ ಸಿಗುವ ಬಹಳಷ್ಟು ಸ್ಪೀಕರ್‌ಗಳು ಇದೇ ಜಾತಿ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬೊಂ ಅನ್ನುತ್ತದಲ್ಲ, ಅದೇ ತತ್ವ. ಕೊಳವೆಯೊಳಗಿನ ಗಾಳಿ ಒಂದು ತೂಕ, ಬಾಕ್ಸಿನ ಗಾಳಿ ಒಂದು ಸ್ಪ್ರಿಂಗ್.

ಮೂರನೆಯದು ನಮ್ಮ ಲೈನ್. ಹಿಂದಿನ ಸದ್ದನ್ನು ಒಂದೂವರೆ-ಎರಡು ಮೀಟರ್ ಉದ್ದದ ದಾರಿಯಲ್ಲಿ ನಡೆಸಿ, ದಾರಿಯಲ್ಲಿ ಬೇಡದ್ದನ್ನು ಹೀರಿಕೊಂಡು, ಬೇಕಾದ ಬೇಸನ್ನು ಮಾತ್ರ ಹೊರಗೆ ಬಿಡುವುದು.

ಈ ಯೋಚನೆ ಹಳೆಯದು. 1930ರ ದಶಕದಲ್ಲೇ ಅಮೆರಿಕದ ಸ್ಟ್ರಾಂಬರ್ಗ್-ಕಾರ್ಲ್‌ಸನ್ ಕಂಪನಿಯಲ್ಲಿದ್ದ ಬೆಂಜಮಿನ್ ಓಲ್ನಿ ಮಡಿಸಿದ ದಾರಿಯ ಬಾಕ್ಸ್ ಮಾಡಿದ್ದರು. 1965ರಲ್ಲಿ ಬ್ರಿಟನ್ನಿನ ಆರ್ಥರ್ ಬೇಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ, ದಾರಿಯೊಳಗೆ ಕುರಿಯ ಉಣ್ಣೆ ತುಂಬಿದ ವಿನ್ಯಾಸ ಬರೆದ ಮೇಲೆ ಮನೆಯಲ್ಲಿ ಕಟ್ಟಿಕೊಳ್ಳುವವರಿಗೂ ಇದು ಪರಿಚಯವಾಯಿತು.

ಅಲೆಯ ಕಾಲು ಭಾಗ: ಉದ್ದದ ಲೆಕ್ಕ

ದಾರಿ ಎಷ್ಟು ಉದ್ದ ಇರಬೇಕು? ಇಲ್ಲೇ ಇಡೀ ವಿಷಯದ ಬೇರು ಇದೆ.

ಉದ್ದನೆಯ ಸ್ಟೀಲ್ ಲೋಟವನ್ನು ನಲ್ಲಿ ಕೆಳಗೆ ಹಿಡಿದು ನೀರು ಬಿಡಿ. ತುಂಬುತ್ತಾ ಬಂದಂತೆ ಸದ್ದು ಸಣ್ಣಗಾಗಿ ಮೇಲೇರುತ್ತದೆ. ಲೋಟ ತುಂಬಿತು ಅಂತ ಅಡುಗೆಮನೆಯಲ್ಲಿ ನಾವು ನೋಡದೆಯೇ ಹೇಳುವುದು ಇದರಿಂದಲೇ. ಒಳಗೆ ಉಳಿದ ಗಾಳಿಯ ಕಂಬ ಗಿಡ್ಡವಾದಷ್ಟೂ ಸ್ವರ ಮೇಲೆ, ಉದ್ದವಾದಷ್ಟೂ ಸ್ವರ ಕೆಳಗೆ. ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ತೆರೆದ ಯಾವ ಕೊಳವೆಗೂ ಇಂಥ ತನ್ನದೇ ಒಂದು ಸ್ವರ ಇರುತ್ತದೆ. ಆ ಸ್ವರದ ಅಲೆ ಕೊಳವೆಯ ನಾಲ್ಕರಷ್ಟು ಉದ್ದ. ತಿರುಗಿಸಿ ಹೇಳಿದರೆ, ಕೊಳವೆಯ ಉದ್ದ ಅಲೆಯ ಕಾಲು ಭಾಗ.

ಯಾಕೆ ಕಾಲು? ಜೋಕಾಲಿ ನೆನಪಿಸಿಕೊಳ್ಳಿ. ಅದು ಹಿಂದೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯೂ ಸಾಕು. ಕೊಳವೆಯಲ್ಲೂ ಹಾಗೇ. ಕೋನ್ ಒಂದು ಒತ್ತಡ ಕಳಿಸುತ್ತದೆ. ಅದು ತೆರೆದ ಬಾಯಿಗೆ ಹೋಗಿ ಹೊರಗೆ ನುಗ್ಗುತ್ತದೆ. ನುಗ್ಗಿದ ಗಾಳಿ ಹಿಂದೆ ಒಂದು ಖಾಲಿ ಬಿಟ್ಟುಹೋಗುತ್ತದೆ. ಆ ಖಾಲಿ ಒಂದು ಸೆಳೆತವಾಗಿ ವಾಪಸ್ ಕೋನಿನ ಕಡೆ ಓಡಿಬರುತ್ತದೆ. ಅದು ಬಂದು ಮುಟ್ಟುವ ಹೊತ್ತಿಗೆ ಕೋನ್ ಕೂಡ ಸೆಳೆಯುವ ಸರದಿಯಲ್ಲಿದ್ದರೆ ಎರಡೂ ಸೇರಿಕೊಳ್ಳುತ್ತವೆ. ಒತ್ತುವುದರಿಂದ ಸೆಳೆಯುವುದಕ್ಕೆ ಬರಲು ಕೋನಿಗೆ ಅರ್ಧ ಸುತ್ತು ಬೇಕು. ಅಷ್ಟರಲ್ಲಿ ಅಲೆ ಹೋಗಿಯೂ ಬಂದಿರಬೇಕು. ಹೋಗಿಬರುವ ದಾರಿ ಅಲೆಯ ಅರ್ಧ ಅಂದರೆ, ಬರೀ ಹೋಗುವ ದಾರಿ ಅದರಲ್ಲಿ ಅರ್ಧ. ಅದೇ ಕಾಲು ಭಾಗ. ಹೀಗೆ ಹೊತ್ತು ಕೂಡಿಬಂದು ಅದುರು ಬೆಳೆಯುವುದನ್ನೇ ಶಾಲೆಯಲ್ಲಿ ಅನುರಣನೆ (ರೆಸೊನೆನ್ಸ್) ಅಂತ ಕಲಿತಿರುತ್ತೇವೆ.

ಲೆಕ್ಕ ಸುಲಭ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಆ ಚಿಂತೆ ಬೇಡ. ಸದ್ದಿನ ವೇಗ ಬದಲಾಗುವುದು ಎತ್ತರದಿಂದಲ್ಲ, ಗಾಳಿಯ ಬಿಸಿಯಿಂದ. 345ನ್ನು ನಿಮಗೆ ಬೇಕಾದ ಹರ್ಟ್ಸ್‌ನಿಂದ ಭಾಗಿಸಿ, ಬಂದದ್ದನ್ನು ಮತ್ತೆ ನಾಲ್ಕರಿಂದ ಭಾಗಿಸಿ. 60 ಹರ್ಟ್ಸ್‌ಗೆ 1.44 ಮೀಟರ್, 50ಕ್ಕೆ 1.72, 40ಕ್ಕೆ 2.16. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್, ಹೋಲಿಕೆಗೆ ಅದನ್ನು ಇಟ್ಟುಕೊಳ್ಳಿ.

ಈ ಉದ್ದದಲ್ಲಿ ಚೌಕಾಸಿ ನಡೆಯುವುದಿಲ್ಲ. ಮಡಿಸಬಹುದು, ಕತ್ತರಿಸುವ ಹಾಗಿಲ್ಲ. ಒಂದೇ ಒಂದು ವಿನಾಯಿತಿ ಇದೆ: ಮುಚ್ಚಿದ ತುದಿ ಅಗಲವಾಗಿ, ಬಾಯಿಯ ಕಡೆಗೆ ಕಿರಿದಾಗುತ್ತಾ ಹೋದರೆ ಅದೇ ಉದ್ದದಲ್ಲಿ ಸ್ವರ ಸ್ವಲ್ಪ ಕೆಳಗಿಳಿಯುತ್ತದೆ.

ಸಣ್ಣ ವೂಫರ್‌ಗೆ ಇದರಿಂದ ಏನು ಲಾಭ?

ಒಂದು ಸ್ವರವನ್ನು ಅರ್ಧದಷ್ಟು ಹರ್ಟ್ಸ್‌ಗೆ ಇಳಿಸಿ ಅಷ್ಟೇ ಜೋರಾಗಿ ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ಓಡಾಡಬೇಕು. 100 ಹರ್ಟ್ಸ್‌ಗೆ ಒಂದು ಮಿಲಿಮೀಟರ್ ಸಾಕಾದರೆ 50ಕ್ಕೆ ನಾಲ್ಕು ಬೇಕು. ಐದಿಂಚಿನ ವೂಫರ್‌ನ ಕೋನ್ ಸುಮಾರು 85 ಚದರ ಸೆಂಟಿಮೀಟರ್ ಅಷ್ಟೇ. ಎಂಟಿಂಚಿನದು ಅದರ ಎರಡೂವರೆ ಪಟ್ಟು. ಹಾಗಾಗಿ ಬೇಸಿಗೆ ಬಂದಾಗ ಚಿಕ್ಕ ಕೋನ್ ಬೇಗ ಸುಸ್ತಾಗುತ್ತದೆ, ಸದ್ದು ಒಡೆಯುತ್ತದೆ.

ಲೈನ್‌ನ ಉಪಕಾರ ಇಲ್ಲಿದೆ. ಕೊಳವೆಯ ಸ್ವಂತ ಸ್ವರದ ಹತ್ತಿರ ಕೋನಿನ ಹಿಂದೆ ಗಾಳಿಯ ಒತ್ತಡ ಎಷ್ಟು ಏರುತ್ತದೆ ಅಂದರೆ ಕೋನ್ ಹೆಚ್ಚು ಅಲ್ಲಾಡುವುದೇ ಇಲ್ಲ. ಸದ್ದು ಬರುವುದು ಕೊಳವೆಯ ಬಾಯಿಯಿಂದ. ಅತಿ ಹೆಚ್ಚು ಕಷ್ಟ ಇರುವ ಜಾಗದಲ್ಲೇ ಕೋನಿಗೆ ಬಿಡುವು ಸಿಕ್ಕಂತೆ.

ಮಿತಿಯನ್ನೂ ಹೇಳಬೇಕು. ಆ ಸ್ವರಕ್ಕಿಂತ ಕೆಳಗೆ ಹೋದರೆ ಬಾಯಿಯ ಸದ್ದು ಕೋನಿನ ಸದ್ದಿಗೆ ಉಲ್ಟಾ ಆಗಿ ಒಂದನ್ನೊಂದು ತಿನ್ನುತ್ತವೆ, ಕೋನ್ ಮಾತ್ರ ಅಂಕೆಯಿಲ್ಲದೆ ಓಡಾಡುತ್ತದೆ. ಜೋರಾಗಿ ಹಾಕಿದರೆ ಕೋನನ್ನು ಓಡಾಡಿಸುವ ತಂತಿಯ ಸುರುಳಿ (ವಾಯ್ಸ್ ಕಾಯಿಲ್) ಕೆಡಬಹುದು. ಐದಿಂಚಿನ ವೂಫರ್ ಲೈನ್‌ನಲ್ಲಿ ಕೂತರೂ ಐದಿಂಚಿನದೇ. ರೂಮಿನಲ್ಲಿ ಕೂತು ಕೇಳುವವರಿಗೆ ಬೇಸ್ ತುಂಬಿ ಬರುತ್ತದೆ, ಗಣೇಶನ ಪೆಂಡಾಲಿಗೆ ಸಾಲುವುದಿಲ್ಲ.

ಕೊಳವೆಯ ಕಾಟ ಮತ್ತು ಅದಕ್ಕೆ ಮದ್ದು

ನಾನು ಮೊದಲ ಸಲ ಕಟ್ಟಿದ ಲೈನ್‌ನಲ್ಲಿ ಒಳಗೆ ಏನೂ ತುಂಬಿರಲಿಲ್ಲ. ಬೇಸ್ ಬಂತು, ಖುಷಿಯಾಯಿತು. ಸಂಜೆ ವಾರ್ತೆ ಹಾಕಿದಾಗ ಓದುತ್ತಿದ್ದವರ ದನಿ ನೀರಿಲ್ಲದ ಸಿಂಟೆಕ್ಸ್ ಟ್ಯಾಂಕಿನೊಳಗಿಂದ ಬಂದ ಹಾಗಿತ್ತು. ಎರಡು ದಿನ ವೈರು, ಆಂಪ್ಲಿಫೈಯರ್ ಎಲ್ಲಾ ಬದಲಾಯಿಸಿ ನೋಡಿದೆ. ದೋಷ ಅಲ್ಲಿರಲಿಲ್ಲ.

ಒಂದು ಕಡೆ ಮುಚ್ಚಿದ ಕೊಳವೆ ತನ್ನ ಮೂಲ ಸ್ವರದ ಜೊತೆಗೆ ಅದರ ಮೂರು, ಐದು, ಏಳರಷ್ಟು ಸ್ವರಗಳಲ್ಲೂ ಮೊಳಗುತ್ತದೆ. ಎರಡು, ನಾಲ್ಕು ಇಲ್ಲ. ಬೆಸ ಸಂಖ್ಯೆಗಳು ಮಾತ್ರ. 50 ಹರ್ಟ್ಸ್‌ನ ಲೈನ್ 150ರಲ್ಲೂ 250ರಲ್ಲೂ ಎದ್ದುಕೂರುತ್ತದೆ. 150 ಅಂದರೆ ಗಂಡಸರ ದನಿ ಇರುವ ಜಾಗ. ಇದರ ಜೊತೆಗೆ, ಲೈನ್‌ನ ಉದ್ದ ಪೂರ್ತಿ ಒಂದು ಅಲೆಯಷ್ಟಾಗುವ 200 ಹರ್ಟ್ಸ್ ಹತ್ತಿರ ಬಾಯಿಯ ಸದ್ದು ಮುಂದಿನ ಸದ್ದಿಗೆ ಎದುರಾಗಿ ಅಲ್ಲೊಂದು ಹಳ್ಳ ಬೀಳುತ್ತದೆ.

ಮೊದಲ ಮದ್ದು ವೂಫರ್ ಕೂರುವ ಜಾಗ. ಅದನ್ನು ಮುಚ್ಚಿದ ತುದಿಯಲ್ಲೇ ಇಡದೆ, ಆ ತುದಿಯಿಂದ ಒಟ್ಟು ಉದ್ದದ ಮೂರನೇ ಒಂದು ಭಾಗ ಬಿಟ್ಟು ಇಡಬೇಕು. ಮೂರರಷ್ಟು ಸ್ವರಕ್ಕೆ ಆ ಜಾಗದಲ್ಲಿ ಗಾಳಿಯ ಒತ್ತಡ ಏರುಪೇರಾಗುವುದೇ ಇಲ್ಲ. ಅಲ್ಲಿಂದ ಎಷ್ಟು ತಳ್ಳಿದರೂ ಆ ಸ್ವರ ಏಳುವುದಿಲ್ಲ. ಜೋಕಾಲಿಯ ಕಂಬವನ್ನು ತಳ್ಳಿದರೆ ಜೋಕಾಲಿ ತೂಗುವುದಿಲ್ಲ ಅಲ್ವಾ, ಹಾಗೆ. ಸುಮ್ನೆ ತೂತಿನ ಜಾಗ ಬದಲಾಯಿಸಿದ್ದಕ್ಕೆ ಇಷ್ಟು ದೊಡ್ಡ ಲಾಭ ಈ ಕೆಲಸದಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಎರಡನೆಯದು ತುಂಬುವ ನಾರು. ದಿಂಬಿಗೆ ಹಾಕುವ ಪಾಲಿಯೆಸ್ಟರ್ ನಾರು ಹಾಸಿಗೆ ಅಂಗಡಿಯಲ್ಲಿ ಸಿಗುತ್ತದೆ. ಗಾಳಿ ಅದರ ಎಳೆಗಳ ನಡುವೆ ನುಸುಳುವಾಗ ಉಜ್ಜಿ ಶಕ್ತಿ ಕಳೆದುಕೊಳ್ಳುತ್ತದೆ. ಮೇಲಿನ ಸ್ವರಗಳಿಗೆ ಈ ಉಜ್ಜಾಟ ಜಾಸ್ತಿ, ಆಳದ ಬೇಸಿಗೆ ಕಡಿಮೆ. ಹಾಗಾಗಿ ಕಾಟ ಕೊಡುವ ಸ್ವರಗಳು ದಾರಿಯಲ್ಲೇ ಸಾಯುತ್ತವೆ, ಬೇಸ್ ಬಾಯಿ ತಲುಪುತ್ತದೆ. ಮಾಮೂಲಿ ಹತ್ತಿ ಬೇಡ, ದಿನ ಕಳೆದಂತೆ ಕುಸಿದು ಗಂಟಾಗುತ್ತದೆ. ತುಂಬುವ ಜಾಗದ ಲೀಟರಿಗೆ 8 ಗ್ರಾಂನಿಂದ ಶುರು ಮಾಡಿ, 12ರವರೆಗೆ ಏರಿಸಿ ನೋಡಬಹುದು. ತುಂಬುವುದು ಮುಚ್ಚಿದ ತುದಿಯಿಂದ ಮೂರನೇ ಎರಡು ಭಾಗಕ್ಕೆ ಮಾತ್ರ. ಬಾಯಿಯ ಹತ್ತಿರ ಖಾಲಿ ಬಿಡಬೇಕು, ಅಲ್ಲಿ ಗಾಳಿಯ ಓಡಾಟ ಹೆಚ್ಚು. ಅಲ್ಲೂ ತುರುಕಿದರೆ ಬೇಸೇ ಸತ್ತುಹೋಗುತ್ತದೆ.

ವೂಫರ್‌ನ ಚೀಟಿ ಓದುವುದು

ಒಳ್ಳೆಯ ವೂಫರ್ ಜೊತೆ ಒಂದಷ್ಟು ಅಂಕಿಗಳ ಚೀಟಿ ಬರುತ್ತದೆ. ಇವಕ್ಕೆ ಥೀಲ್-ಸ್ಮಾಲ್ ಅಂಕಿಗಳು ಅನ್ನುತ್ತಾರೆ. ನೆವಿಲ್ ಥೀಲ್ ಮತ್ತು ರಿಚರ್ಡ್ ಸ್ಮಾಲ್ ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿದವರು, 1960-70ರ ದಶಕಗಳಲ್ಲಿ ಈ ಲೆಕ್ಕಕ್ಕೆ ರೂಪ ಕೊಟ್ಟರು. ನಮಗೆ ಮೂರು ಸಾಕು.

ಎಫ್‌ಎಸ್ ಅಂದರೆ ಕೋನ್ ಹೊರಗಿನ ಬಾಕ್ಸ್ ಇಲ್ಲದೆ ತಾನಾಗಿ ತೂಗುವ ಹರ್ಟ್ಸ್. ಲೈನನ್ನು ಈ ಅಂಕಿಗೆ ಅಥವಾ ಅದರ ಆಸುಪಾಸಿಗೆ ಕೂರಿಸುವುದು ವಾಡಿಕೆ. ಕ್ಯೂಟಿಎಸ್ ಅಂದರೆ ಆ ತೂಗಾಟಕ್ಕೆ ಇರುವ ಬ್ರೇಕ್ ಎಷ್ಟು ಬಿಗಿ ಅನ್ನುವುದು. ಅಂಕಿ ಚಿಕ್ಕದಾದಷ್ಟೂ ಬ್ರೇಕ್ ಬಿಗಿ. 0.3ರಿಂದ 0.5ರ ಒಳಗಿದ್ದರೆ ಲೈನ್‌ಗೆ ಸಾಮಾನ್ಯವಾಗಿ ಹೊಂದುತ್ತದೆ. ಎಸ್‌ಡಿ ಅಂದರೆ ಕೋನಿನ ಹರವು. ದಾರಿಯ ಅಡ್ಡಳತೆ (ಅಡ್ಡಕ್ಕೆ ಕೊಯ್ದರೆ ಕಾಣುವ ಹರವು) ಇದಕ್ಕೆ ಸಮ ಅಥವಾ ಒಂದೂವರೆ ಪಟ್ಟು ಇಟ್ಟರೆ ಶುರುವಿಗೆ ಸರಿ.

ಎಸ್.ಪಿ. ರೋಡಿನಲ್ಲಿ ಚೀಟಿಯಿಲ್ಲದ ವೂಫರ್‌ಗಳೂ ಸಿಗುತ್ತವೆ. ಆಗ ಎಫ್‌ಎಸ್ ನಾವೇ ಅಳೆಯಬಹುದು. ಆಂಪ್ಲಿಫೈಯರ್ ಮತ್ತು ವೂಫರ್ ನಡುವೆ 1000 ಓಮ್‌ನ ರೆಸಿಸ್ಟರ್ ಹಾಕಿ, ವೂಫರ್‌ನ ಎರಡು ಕಾಲಿಗೆ ಮಲ್ಟಿಮೀಟರನ್ನು ಎಸಿ ವೋಲ್ಟೇಜಿನಲ್ಲಿಟ್ಟು ಹಿಡಿಯಿರಿ. ಮೊಬೈಲಿನ ಟೋನ್ ಆ್ಯಪ್‌ನಿಂದ 30ರಿಂದ 120 ಹರ್ಟ್ಸ್‌ವರೆಗೆ ನಿಧಾನ ಏರಿಸಿ. ಮೀಟರ್ ಎಲ್ಲಿ ಅತಿ ಹೆಚ್ಚು ತೋರಿಸುತ್ತದೋ ಅದೇ ಎಫ್‌ಎಸ್. ಅಕ್ಕನ ಮಗ ತಂದದ್ದು 50ರಲ್ಲಿ ನಿಂತಿತು.

ಅಳತೆಗೆ ಇಳಿಸಿದಾಗ

ಆ ವೂಫರ್‌ಗೆ ನಾವು ಹಾಕಿದ ಚಿತ್ರ ಇದು. ಲೈನ್ ಉದ್ದ 172 ಸೆಂಟಿಮೀಟರ್. ದಾರಿಯ ಅಗಲ 14, ಆಳ 8, ಅಂದರೆ ಅಡ್ಡಳತೆ 112 ಚದರ ಸೆಂಟಿಮೀಟರ್. ಕೋನಿನ 85ರ ಸುಮಾರು 1.3 ಪಟ್ಟು. ಒಟ್ಟು ಗಾಳಿ 19 ಲೀಟರ್ ಚಿಲ್ಲರೆ.

ಇದನ್ನು ಒಂದೇ ಸಲ ಮಡಿಸಿದರೆ ಒಳಗೆ 84 ಸೆಂಟಿಮೀಟರ್ ಎತ್ತರದ ಕಂಬ ಬರುತ್ತದೆ. ನಡುವೆ ಒಂದು ಹಲಗೆ ತಳದಿಂದ ಎದ್ದು, ಮೇಲೆ 8 ಸೆಂಟಿಮೀಟರ್ ಬಿಟ್ಟು ನಿಲ್ಲುತ್ತದೆ. ಮುಂದಿನ ದಾರಿಯ ತಳ ಮುಚ್ಚಿದ ತುದಿ. ಅಲ್ಲಿಂದ 57 ಸೆಂಟಿಮೀಟರ್ ಮೇಲೆ ವೂಫರ್, ಅದು ಮೂರನೇ ಒಂದು ಭಾಗ. ಅದರ ಮೇಲೆ ಟ್ವೀಟರ್, ಅಂದರೆ ಮೇಲಿನ ಸ್ವರಗಳ ಚಿಕ್ಕ ಸ್ಪೀಕರ್. ಸದ್ದು ಮೇಲೇರಿ, ತಿರುಗಿ, ಹಿಂದಿನ ದಾರಿಯಲ್ಲಿ ಇಳಿದು, ಹಿಂಬದಿ ತಳದ 8 ಸೆಂಟಿಮೀಟರ್ ಎತ್ತರದ ಬಾಯಿಯಿಂದ ಹೊರಬರುತ್ತದೆ. ದಾರಿಯ ನಡುಗೆರೆ ಹಿಡಿದು ಅಳೆಯಬೇಕು, ಗೋಡೆ ಹಿಡಿದಲ್ಲ. ವೂಫರ್‌ನ ಮ್ಯಾಗ್ನೆಟ್ ಎಷ್ಟು ಆಳ ಇದೆ ಅಂತ ಮೊದಲೇ ನೋಡಿ. ಅದು ನಡುವಿನ ಹಲಗೆಗೆ ತಾಗುವಂತಿದ್ದರೆ ಆಳ ಹೆಚ್ಚಿಸಿ ಅಗಲ ಕಡಿಮೆ ಮಾಡಬೇಕು.

18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಹೊರಗಿನ ಅಳತೆ ಸುಮಾರು 18 ಅಗಲ, 22 ಆಳ, 88 ಎತ್ತರ. ಎರಡು ಬಾಕ್ಸ್‌ಗೆ ಎಂಟು-ನಾಲ್ಕು ಅಡಿಯ ಒಂದು ಶೀಟು ಸಾಕು, ಮಿಕ್ಕುತ್ತದೆ. ಮೈಸೂರು ರೋಡಿನ ಟಿಂಬರ್ ಯಾರ್ಡ್ ಕಡೆ ಅಳತೆ ಕೊಟ್ಟು ಮೆಷಿನ್ನಿನಲ್ಲಿ ಕೊಯ್ಯಿಸುವುದು ಒಳ್ಳೆಯದು. ಕೈಗರಗಸದಲ್ಲಿ ಅಂಚು ನೇರ ಬರುವುದು ಕಷ್ಟ, ಅಂಚು ನೇರವಿಲ್ಲದಿದ್ದರೆ ಗಾಳಿ ಸೋರುತ್ತದೆ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕೂಡ ಆಗುತ್ತದೆ, ಆದರೆ ನೀರು ತಾಗಿದರೆ ಊದಿಕೊಳ್ಳುತ್ತದೆ. ನಮ್ಮ ಮಳೆಗಾಲದ ಗೋಡೆ ನೆನೆಸಿಕೊಂಡರೆ ನನಗೆ ಪ್ಲೈವುಡ್ಡೇ ವಾಸಿ ಅನ್ನಿಸುತ್ತದೆ.

ಕೂಡಿಸುವಾಗ ಒಂದು ಪಕ್ಕದ ಹಲಗೆಯನ್ನು ಕೊನೆಯವರೆಗೂ ಅಂಟಿಸಬೇಡಿ, ಸ್ಕ್ರೂ ಮಾತ್ರ ಹಾಕಿ. ನಾರನ್ನು ನಾಲ್ಕಾರು ಸಲ ಹಾಕಿ ತೆಗೆಯಬೇಕಾಗುತ್ತದೆ. ಬಾಕ್ಸ್ ಒಂದಕ್ಕೆ 100 ಗ್ರಾಂನಿಂದ ಶುರು ಮಾಡಿ, ದನಿ ಇನ್ನೂ ಕೊಳವೆಯಂತಿದ್ದರೆ 150ರವರೆಗೆ ಏರಿಸಿ. ನಾರು ಕೆಳಗೆ ಜಾರದಂತೆ ಹಳೆ ಸೊಳ್ಳೆಪರದೆಯ ತುಂಡನ್ನು ಅಲ್ಲಲ್ಲಿ ಮೊಳೆ ಹೊಡೆದು ಕಟ್ಟಿದರೆ ಆಯಿತು. ಬಾಯಿ ಹಿಂದೆ ಇರುವುದರಿಂದ ಗೋಡೆಗೆ ಒತ್ತಿ ಇಡಬಾರದು, ಒಂದು ಗೇಣಾದರೂ ಬಿಡಬೇಕು.

ಕಿರಿದಾಗುವ ದಾರಿ ಅಥವಾ ಬೇರೆ ಅಳತೆ ಬೇಕಾದವರು ಹಾರ್ನ್‌ರೆಸ್ಪ್ ಅನ್ನುವ ಸಾಫ್ಟ್‌ವೇರಿನಲ್ಲಿ ಅಂಕಿ ಹಾಕಿ ನೋಡಬಹುದು. ಆಸ್ಟ್ರೇಲಿಯಾದ ಡೇವಿಡ್ ಮೆಕ್‌ಬೀನ್ ಬರೆದದ್ದು, ಉಚಿತ. ನೋಡಲು ಹಳೇ ಕಾಲದ ಪರದೆ, ಆದರೆ ಮರ ಕೊಯ್ಯುವ ಮೊದಲೇ ತಪ್ಪು ತೋರಿಸುತ್ತದೆ.

ಮರ ಕೊಯ್ಯುವ ಮುನ್ನ ಒಂದು ಪರೀಕ್ಷೆ

ನಾಲ್ಕಿಂಚಿನ ಪಿವಿಸಿ ಪೈಪಿನ ಒಳ ಅಡ್ಡಳತೆ ಸುಮಾರು 85 ಚದರ ಸೆಂಟಿಮೀಟರ್, ಐದಿಂಚಿನ ಕೋನಿನಷ್ಟೇ. ಭಾನುವಾರ ಬೆಳಿಗ್ಗೆ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯಿಂದ ಹತ್ತಡಿ ಪೈಪು ತಂದು 172 ಸೆಂಟಿಮೀಟರಿಗೆ ಕೊಯ್ದೆವು. ಒಂದು ತುದಿಗೆ ವೂಫರ್ ಮುಖ ಹೊರಗೆ ಮಾಡಿ ಕೂರಿಸಿ, ಸುತ್ತ ಮಕ್ಕಳ ಕ್ಲೇ ಮೆತ್ತಿ ಸಂದು ಮುಚ್ಚಿದೆವು. ಪೈಪನ್ನು ಎರಡು ಕುರ್ಚಿ ಮೇಲೆ ಮಲಗಿಸಿ, ತೆರೆದ ಬಾಯಿಯ ಮುಂದೆ ಊದುಬತ್ತಿ ಹಚ್ಚಿಟ್ಟೆವು.

70 ಹರ್ಟ್ಸ್‌ನಲ್ಲಿ ಕೋನ್ ಕಣ್ಣಿಗೆ ಕಾಣುವಂತೆ ಅದುರುತ್ತಿತ್ತು, ಹೊಗೆ ನೆಟ್ಟಗೆ ಏಳುತ್ತಿತ್ತು. 60ಕ್ಕೆ ಇಳಿಸಿದಾಗ ಹೊಗೆ ಸ್ವಲ್ಪ ಬಾಗಿತು. 49ಕ್ಕೆ ಬಂದಾಗ ಹೊಗೆಯ ಎಳೆ ಒಡೆದು ಚೆಲ್ಲಾಪಿಲ್ಲಿಯಾಯಿತು. ಅಕ್ಕನ ಮಗ ಬೆರಳ ತುದಿಯನ್ನು ಕೋನಿಗೆ ಮೆಲ್ಲಗೆ ತಾಗಿಸಿ, "ಮಾಮ, ಇದು ನಿಂತೇ ಹೋಗಿದೆ!" ಅಂದ. ಲೆಕ್ಕದಲ್ಲಿ 50 ಇತ್ತು. ಬಾಯಿಯ ಹೊರಗಿನ ಒಂದಿಷ್ಟು ಗಾಳಿಯೂ ಒಳಗಿನದರ ಜೊತೆ ಅದುರುವುದರಿಂದ ಪೈಪು ನಿಜಕ್ಕಿಂತ ಎರಡು-ಮೂರು ಸೆಂಟಿಮೀಟರ್ ಉದ್ದ ಇರುವಂತೆ ನಡೆದುಕೊಳ್ಳುತ್ತದೆ, ಆ ಒಂದು ಹರ್ಟ್ಸ್ ಅದರದ್ದು.

ಅಮ್ಮ ಅಡುಗೆಮನೆಯಿಂದ ಬಂದು ಪೈಪಿನ ಬಾಯಿಗೆ ಅಂಗೈ ಒಡ್ಡಿದರು. "ಗಾಳಿ ಬರ್ತಿದೆ ಕಣೋ," ಅಂದರು.